ಮನೆಯಲ್ಲೇ ವಿದ್ಯುದ್ವಾಹಕ ಮಸಿ: ತಯಾರಿಕೆ ಮತ್ತು ನೀರಿನ ತೊಟ್ಟಿಗೆ ಎಚ್ಚರಿಕೆ ದೀಪ

ಕೊಳವೆ ಬಾವಿಯ ನೂರಾರು ಅಡಿ ಆಳದಿಂದ ಎತ್ತಿದ ನೀರು ತೊಟ್ಟಿ ತುಂಬಿದ ಮೇಲೂ ಹರಿದುಹೋಗುವುದು ಹಳ್ಳಿಗಳಲ್ಲಿ ಅಪರೂಪದ ಸಂಗತಿಯೇನಲ್ಲ. ರಾತ್ರಿ ಪಾಳಿಯಲ್ಲಿ ವಿದ್ಯುತ್ ಬರುವ ಕಡೆ ಪಂಪು ತಾನಾಗಿಯೇ ಚಾಲೂ ಆಗುತ್ತದೆ. ತೊಟ್ಟಿ ಯಾವಾಗ ತುಂಬಿತೆಂಬುದು ಬೆಳಗಿನವರೆಗೆ ಯಾರಿಗೂ ತಿಳಿಯುವುದಿಲ್ಲ. ಬಾವಿಯ ನೀರು ಕಡಿಮೆಯಾಗುತ್ತದೆ, ಮೋಟಾರು ವೃಥಾ ಸವೆಯುತ್ತದೆ, ತೊಟ್ಟಿಯ ಸುತ್ತ ಕೆಸರಾಗಿ ಸೊಳ್ಳೆಗಳು ಹೆಚ್ಚುತ್ತವೆ. ತೊಟ್ಟಿ ತುಂಬಿದೊಡನೆ ಮನೆಯೊಳಗೆ ಒಂದು ಸಣ್ಣ ದೀಪ ಹೊತ್ತಿಕೊಂಡರೆ ಇಷ್ಟೂ ನಷ್ಟವನ್ನು ತಪ್ಪಿಸಬಹುದು.

ಇಂತಹ ದೀಪದ ವಿದ್ಯುನ್ಮಂಡಲವನ್ನು ಬೆಸುಗೆಯ ಉಪಕರಣವಿಲ್ಲದೆ, ಅಚ್ಚು ಹಾಕಿದ ತಾಮ್ರದ ಹಲಗೆಯಿಲ್ಲದೆ, ಒಂದು ರಟ್ಟಿನ ಮೇಲೆ ಕುಂಚದಿಂದ ಬರೆದು ತಯಾರಿಸಬಹುದಾಗಿದೆ. ಇದಕ್ಕೆ ಬೇಕಾದುದು ವಿದ್ಯುತ್ತನ್ನು ಹರಿಯಗೊಡುವ ಮಸಿ. ಈ ಮಸಿಯನ್ನು ರೈತ ಯುವಕರು ಹಾಗೂ ಶಾಲಾ ವಿದ್ಯಾರ್ಥಿಗಳು ಮನೆಯಲ್ಲಿಯೇ ತಯಾರಿಸಿಕೊಳ್ಳುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಕಪ್ಪೆಲ್ಲ ವಾಹಕವಲ್ಲ

ಕನ್ನಡ ನಾಡಿನಲ್ಲಿ ಹಿಂದೆ ಲೆಕ್ಕಪತ್ರಗಳನ್ನು ಬರೆಯಲು ಕಡತಗಳನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಸರಿ ಹಾಗೂ ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒಂದು ಕಪ್ಪು ಪುಡಿ, ಅದನ್ನು ಹಿಡಿದಿಡುವ ಒಂದು ಅಂಟು: ವಿದ್ಯುದ್ವಾಹಕ ಮಸಿಯ ರಚನೆಯೂ ಇದೇ. ಆದರೆ ಕಡತದ ಮೇಲಿನ ಕಪ್ಪಿನಲ್ಲಿ ವಿದ್ಯುತ್ ಹರಿಯುತ್ತದೆಂದು ನಿರೀಕ್ಷಿಸುವಂತಿಲ್ಲ. ಒಲೆಯ ಇದ್ದಿಲು ಇಂಗಾಲವೇ ಆದರೂ ಅದರ ಅಣುಗಳ ಜೋಡಣೆ ಅಸ್ತವ್ಯಸ್ತವಾಗಿದ್ದು, ವಿದ್ಯುತ್ತಿಗೆ ಸರಾಗವಾದ ದಾರಿ ಸಿಗುವುದಿಲ್ಲ.

ಗ್ರಾಫೈಟ್ ಕೂಡ ಇಂಗಾಲದ ಒಂದು ರೂಪ. ಇದರಲ್ಲಿ ಅಣುಗಳು ಹಾಳೆಗಳಂತೆ ಪದರ ಪದರವಾಗಿ ಜೋಡಣೆಗೊಂಡಿವೆ. ಪದರಗಳು ಒಂದರ ಮೇಲೊಂದು ಜಾರುವುದರಿಂದ ಗ್ರಾಫೈಟ್ ಕೈಗೆ ನುಣುಪಾಗಿ ಹತ್ತುತ್ತದೆ. ಪೆನ್ಸಿಲು ಕಾಗದದ ಮೇಲೆ ಗೀರುವುದೂ ಇದರಿಂದಲೇ. ಪದರದ ಉದ್ದಕ್ಕೂ ಎಲೆಕ್ಟ್ರಾನುಗಳು ಸುಲಭವಾಗಿ ಚಲಿಸಬಲ್ಲವಾದ್ದರಿಂದ ಗ್ರಾಫೈಟ್ ವಿದ್ಯುದ್ವಾಹಕವಾಗಿದೆ. ಆದರೂ ತಾಮ್ರಕ್ಕೆ ಹೋಲಿಸಿದರೆ ಅದರ ರೋಧ ನೂರಾರು ಪಟ್ಟು ಹೆಚ್ಚು. ಅಂಟು ಬೆರೆಸಿ ಮಸಿ ಮಾಡಿದಾಗ ರೋಧ ಇನ್ನೂ ಹೆಚ್ಚುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮಸಿಯನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಎಡ್ವರ್ಡ್ ಅಚಿಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಗ್ರಾಫೈಟ್ ತಯಾರಿಸುವ ವಿಧಾನಕ್ಕೆ 1896ರಲ್ಲಿ ಪೇಟೆಂಟ್ ಪಡೆದನು. ಮುಂದಿನ ಶತಮಾನದ ಮೊದಲ ದಶಕದಲ್ಲಿ ಗ್ರಾಫೈಟಿನ ಅತಿ ಸಣ್ಣ ಕಣಗಳನ್ನು ನೀರಿನಲ್ಲಿ ತೇಲಿಸಿಟ್ಟ ಲೇಪನವನ್ನೂ ಸಿದ್ಧಪಡಿಸಿದನು. ಹಳೆಯ ಟೆಲಿವಿಷನ್ನುಗಳ ಗಾಜಿನ ಕೊಳವೆಗೆ ಬಳಿಯುತ್ತಿದ್ದ ಕಪ್ಪು ಲೇಪನ ಈ ಬಗೆಯದು. ಇಂದಿಗೂ ಟೆಲಿವಿಷನ್ನಿನ ರಿಮೋಟನ್ನು ಬಿಚ್ಚಿದರೆ ರಬ್ಬರಿನ ಗುಂಡಿಗಳ ಕೆಳಗೆ ಕಪ್ಪು ಇಂಗಾಲದ ಬೊಟ್ಟುಗಳನ್ನು ಕಾಣಬಹುದು.

ಬೆಳ್ಳಿಯ ಮಸಿ ಮನೆಯ ಕೆಲಸವಲ್ಲ

ಬೆಳ್ಳಿಯಿಂದ ಮಾಡಿದ ಮಸಿ ಗ್ರಾಫೈಟಿನ ಮಸಿಗಿಂತ ಎಷ್ಟೋ ಪಾಲು ಉತ್ತಮ ವಾಹಕ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳಾದ ಬ್ರೆಟ್ ವಾಕರ್ ಮತ್ತು ಜೆನಿಫರ್ ಲೂಯಿಸ್ ಅವರು 2012ರಲ್ಲಿ ಸಿಲ್ವರ್ ಅಸಿಟೇಟ್, ಅಮೋನಿಯ ಮತ್ತು ಫಾರ್ಮಿಕ್ ಆಮ್ಲಗಳಿಂದ ತಯಾರಿಸುವ ಮಸಿಯೊಂದನ್ನು ಪ್ರಕಟಿಸಿದರು. ಅದನ್ನು ಬರೆದು 90 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿ ಮಾಡಿದರೆ ಹೆಚ್ಚುಕಡಿಮೆ ಬೆಳ್ಳಿಯಷ್ಟೇ ಚೆನ್ನಾಗಿ ವಿದ್ಯುತ್ ಹರಿಯುತ್ತದೆ.

ಆದರೆ ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಫಾರ್ಮಿಕ್ ಆಮ್ಲ ಚರ್ಮವನ್ನು ಸುಡುತ್ತದೆ. ಅಮೋನಿಯದ ಆವಿ ಕಣ್ಣು ಹಾಗೂ ಶ್ವಾಸಕೋಶಗಳಿಗೆ ಹಾನಿಕರ. ಎಲ್ಲಕ್ಕೂ ಮಿಗಿಲಾಗಿ, ಬೆಳ್ಳಿಯ ಲವಣ ಮತ್ತು ಅಮೋನಿಯ ಬೆರೆತ ದ್ರಾವಣವನ್ನು ಬಹಳ ಹೊತ್ತು ಇಟ್ಟರೆ ಅದರಲ್ಲಿ ಸ್ಫೋಟಕ ವಸ್ತು ಉಂಟಾಗಬಹುದು. ಇದು ತರಬೇತಿ ಪಡೆದವರು ಪ್ರಯೋಗಶಾಲೆಯಲ್ಲಿ ಮಾಡತಕ್ಕ ಕೆಲಸ. ಮನೆಗೆ ಗ್ರಾಫೈಟಿನ ಮಸಿಯೇ ಸಾಕು.

ಬೇಕಾಗುವ ಸಾಮಗ್ರಿಗಳು

ಮಸಿಗೆ:
1. ನುಣ್ಣನೆಯ ಗ್ರಾಫೈಟ್ ಪುಡಿ – 20 ಗ್ರಾಂ (ಬೀಗ ಹಾಗೂ ಯಂತ್ರಗಳ ಜಾರಿಕೆಗೆ ಬಳಸುವ ಪುಡಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಬಹುದು)
2. ಒಣ ಗೋಂದು – 5 ಗ್ರಾಂ
3. ಕಾಯಿಸಿ ಆರಿಸಿದ ನೀರು – 20ರಿಂದ 25 ಮಿಲಿ ಲೀಟರ್
4. ಅಡಿಗೆಗೆ ಬಳಸದ ಗಾಜಿನ ಬಟ್ಟಲು, ಕಡ್ಡಿ, ತೆಳು ಬಟ್ಟೆ, ಸಣ್ಣ ಕುಂಚ

ಮಂಡಲಕ್ಕೆ:
1. ನುಣುಪಾದ ದಪ್ಪ ರಟ್ಟು (ಹಳೆಯ ಲಗ್ನಪತ್ರಿಕೆಯಾದರೂ ಆದೀತು)
2. 9 ವೋಲ್ಟಿನ ಬ್ಯಾಟರಿ ಮತ್ತು ಅದರ ಕೊಂಡಿ
3. ಕೆಂಪು ಎಲ್‌ಇಡಿ ದೀಪ – 1
4. ಬಿ.ಸಿ. 547 ಟ್ರಾನ್ಸಿಸ್ಟರ್ – 1
5. ತೆಳು ತಾಮ್ರದ ತಂತಿ, ಸ್ಟೇಪ್ಲರ್ ಪಿನ್ನುಗಳು
6. ದಪ್ಪ ಗ್ರಾಫೈಟ್ ಕಡ್ಡಿಗಳು – 2 (ಚಿತ್ರ ಬರೆಯುವ ಪೆನ್ಸಿಲಿನ ಒಳಗಿನವು)
7. ರೋಧವನ್ನು ಅಳೆಯುವ ಮಲ್ಟಿಮೀಟರ್

ಗ್ರಾಫೈಟ್ ಪುಡಿ ಸಿಗದಿದ್ದಲ್ಲಿ ಕೆಲವರು ಹಳೆಯ ಟಾರ್ಚ್ ಸೆಲ್ಲನ್ನು ಒಡೆದು ಅದರ ನಡುವಿನ ಇಂಗಾಲದ ಕಡ್ಡಿಯನ್ನು ತೆಗೆಯುವುದುಂಟು. ಇದರಲ್ಲಿ ಎಚ್ಚರಿಕೆ ಅಗತ್ಯ. ಕಡ್ಡಿಯ ಸುತ್ತಲಿರುವ ಕಪ್ಪು ಪುಡಿಯ ಮುಖ್ಯ ಭಾಗ ಮ್ಯಾಂಗನೀಸ್ ಡೈ ಆಕ್ಸೈಡ್. ಅದು ಮಸಿಗೆ ಒದಗುವುದಿಲ್ಲ, ಉಸಿರಿನೊಡನೆ ಒಳಗೆ ಹೋಗುವುದೂ ಒಳ್ಳೆಯದಲ್ಲ. ‘ಆಲ್ಕಲೈನ್’ ಎಂದು ಬರೆದಿರುವ ಸೆಲ್ಲುಗಳಲ್ಲಿ ಇಂಗಾಲದ ಕಡ್ಡಿಯೇ ಇರುವುದಿಲ್ಲ. ಬದಲಾಗಿ ಚರ್ಮ ಸುಡುವ ಕ್ಷಾರವಿರುತ್ತದೆ. ಮೊಬೈಲ್ ಫೋನಿನ ಲಿಥಿಯಂ ಬ್ಯಾಟರಿಯನ್ನು ಒಡೆದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಯಾವ ಸೆಲ್ಲು ಯಾವುದೆಂದು ತಿಳಿಯದ ಮಕ್ಕಳ ಕೈಗೆ ಈ ಕೆಲಸವನ್ನು ಕೊಡಲೇಬಾರದು. ಅಂಗಡಿಯ ಗ್ರಾಫೈಟ್ ಪುಡಿಯನ್ನು ಕೊಂಡು ತರುವುದೇ ಮೇಲು.

ತಯಾರಿಸುವ ವಿಧಾನ

ಮೊದಲ ದಿನ ರಾತ್ರಿ ಗೋಂದನ್ನು ಕುಟ್ಟಿ ಪುಡಿ ಮಾಡಿ, 20 ಮಿಲಿ ಲೀಟರ್ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಚೆನ್ನಾಗಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಕಸಕಡ್ಡಿ ಮತ್ತು ಕರಗದ ಗಟ್ಟಿಗಳನ್ನು ತೆಗೆಯಬೇಕು.

ಗ್ರಾಫೈಟ್ ಪುಡಿಯಲ್ಲಿ ತರಿಯಿದ್ದರೆ ವಸ್ತ್ರಗಾಳಿತ ಮಾಡಿಕೊಳ್ಳಬೇಕು. ಈ ಕೆಲಸ ಮಾಡುವಾಗ ಮೂಗು ಬಾಯಿಗಳಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಗಾಳಿಗೆ ಹಾರಿದ ಗ್ರಾಫೈಟ್ ದೂಳೂ ವಿದ್ಯುದ್ವಾಹಕವೇ ಎಂಬುದನ್ನು ಮರೆಯಬಾರದು. ಆದುದರಿಂದ ಸ್ವಿಚ್ ಬೋರ್ಡ್, ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ, ರೇಡಿಯೋ ಮೊದಲಾದವುಗಳ ಹತ್ತಿರ ಈ ಕೆಲಸ ಕೂಡದು.

ಪುಡಿಯನ್ನು ಬಟ್ಟಲಿಗೆ ಹಾಕಿ, ಗೋಂದಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಕಡ್ಡಿಯಿಂದ ಅರೆಯಬೇಕು. ಒಮ್ಮೆಗೇ ಸುರಿದರೆ ಗಂಟುಗಳಾಗುತ್ತವೆ. ಹತ್ತು ಹದಿನೈದು ನಿಮಿಷ ಬಿಡದೆ ಅರೆದಾಗ ಮಸಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಗಟ್ಟಿಯೆನಿಸಿದರೆ ಉಳಿದ ನೀರನ್ನು ಹನಿ ಹನಿಯಾಗಿ ಸೇರಿಸಬಹುದು. ಗೋಂದಿಗೆ ಬದಲು ಮರಗೆಲಸದ ಬಿಳಿ ಅಂಟನ್ನೂ ಬಳಸಬಹುದು. ಆಗ ಒಂದು ಅಳತೆ ಅಂಟಿಗೆ ಒಂದೂವರೆಯಿಂದ ಎರಡು ಅಳತೆ ಗ್ರಾಫೈಟ್ ಪುಡಿ ಹಾಕಿ, ಹದಕ್ಕೆ ತಕ್ಕಷ್ಟು ನೀರು ಬೆರೆಸಬೇಕು.

ಅಂಟಿನ ಪ್ರಮಾಣದಲ್ಲಿಯೇ ಎಲ್ಲ ಗುಟ್ಟೂ ಇದೆ. ವಿದ್ಯುತ್ ಹರಿಯಬೇಕಾದರೆ ಗ್ರಾಫೈಟಿನ ಕಣಗಳು ಒಂದಕ್ಕೊಂದು ತಾಗಿಕೊಂಡು ಗೆರೆಯ ಈ ತುದಿಯಿಂದ ಆ ತುದಿಯವರೆಗೆ ಸರಪಳಿಯಂತೆ ನಿಲ್ಲಬೇಕು. ಅಂಟು ಹೆಚ್ಚಾದರೆ ಪ್ರತಿ ಕಣದ ಸುತ್ತಲೂ ಅದರ ಪೊರೆ ಕಟ್ಟಿ ಸರಪಳಿ ಕಡಿಯುತ್ತದೆ; ಗೆರೆ ಕಪ್ಪಾಗಿ ಹೊಳೆದರೂ ವಿದ್ಯುತ್ ಹರಿಯದು. ಅಂಟು ಕಡಿಮೆಯಾದರೆ ಗೆರೆ ಒಣಗಿದೊಡನೆ ಉದುರಿಹೋಗುತ್ತದೆ. ಬೆರಳಿನಿಂದ ಉಜ್ಜಿದಾಗ ಕಪ್ಪು ತುಸುವೇ ಹತ್ತಿ, ಗೆರೆ ಮಾತ್ರ ಉದುರದೆ ನಿಂತರೆ ಹದ ಸರಿಯಾಗಿದೆ ಎಂದು ತಿಳಿಯಬಹುದು.

ಗೋಂದಿನ ಮಸಿ ಬೇಗನೆ ಬೂಷ್ಟು ಹಿಡಿಯುತ್ತದೆ. ಆಗಿಂದಾಗ ಬೇಕಾದಷ್ಟು ಮಾತ್ರ ತಯಾರಿಸಿ, ಎರಡು ದಿನಗಳೊಳಗೆ ಬಳಸಿ ಮುಗಿಸಬೇಕು.

ಗೆರೆ ಬರೆಯುವುದು ಮತ್ತು ಒಣಗಿಸುವುದು

ಮೊದಲು ರಟ್ಟಿನ ಮೇಲೆ ಪೆನ್ಸಿಲು ಹಾಗೂ ಅಳತೆ ಪಟ್ಟಿಯಿಂದ ನಕ್ಷೆ ಗುರುತಿಸಿಕೊಳ್ಳಬೇಕು. ಗೆರೆಯ ಎರಡೂ ಬದಿಗೆ ಅಂಟು ಪಟ್ಟಿ ಹಚ್ಚಿ ನಡುವೆ ಮಸಿ ಬಳಿದರೆ ಗೆರೆಯ ಅಗಲ ಒಂದೇ ಸಮನಾಗಿರುತ್ತದೆ. ಮಸಿ ಅರೆ ಒಣಗಿದಾಗ ಪಟ್ಟಿಯನ್ನು ಕಿತ್ತು, ಒಂದು ದಿನ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗಿ ಗೆರೆ ಬಿರುಕು ಬಿಡುತ್ತದೆ.

ಒದ್ದೆ ಗೆರೆಯನ್ನು ಅಳೆದು ಮಸಿ ಕೆಟ್ಟಿತೆಂದು ತೀರ್ಮಾನಿಸಬಾರದು. ನೀರು ಆರಿದಂತೆ ಕಣಗಳು ಹತ್ತಿರ ಸರಿದು ರೋಧ ಇಳಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ ಉಜ್ಜಿದರೆ ಗೆರೆಗೆ ಹೊಳಪು ಬಂದು ರೋಧ ಇನ್ನಷ್ಟು ಕಡಿಮೆಯಾಗುತ್ತದೆ. ಎರಡನೆಯ ಸಲ ಅಷ್ಟೇ ದಪ್ಪವಾಗಿ ಬಳಿದರೆ ರೋಧ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಚೌಕದ ಲೆಕ್ಕ

ಪ್ರತಿಯೊಬ್ಬರ ಮಸಿಯೂ ಒಂದೇ ರೀತಿ ಇರುವುದಿಲ್ಲ. ಆದುದರಿಂದ ತಯಾರಿಸಿದ ಮಸಿಯನ್ನು ಅಳೆದು ನೋಡಿಯೇ ನಕ್ಷೆ ಹಾಕಬೇಕು. ಇದಕ್ಕೆ ಸುಲಭವಾದ ಲೆಕ್ಕವೊಂದಿದೆ.

5 ಮಿಲಿ ಮೀಟರ್ ಅಗಲ, 10 ಸೆಂಟಿ ಮೀಟರ್ ಉದ್ದದ ಒಂದು ಗೆರೆ ಬರೆದು ಒಣಗಿಸಬೇಕು. ಉದ್ದವನ್ನು ಅಗಲದಿಂದ ಭಾಗಿಸಿದರೆ 20 ಬರುತ್ತದೆ. ಎಂದರೆ ಈ ಗೆರೆಯಲ್ಲಿ 5 ಮಿಲಿ ಮೀಟರಿನ 20 ಚೌಕಗಳು ಸಾಲಾಗಿ ನಿಂತಿವೆ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಗೆರೆಯ ಎರಡು ತುದಿಗೆ ಒತ್ತಿ ಅಳೆದಾಗ, ಉದಾಹರಣೆಗೆ, 2000 ಓಮ್ ತೋರಿಸಿತೆಂದರೆ ಒಂದು ಚೌಕಕ್ಕೆ 100 ಓಮ್ ಆಯಿತು. ದಪ್ಪ ಒಂದೇ ಆಗಿದ್ದರೆ ಚೌಕ ಚಿಕ್ಕದಿರಲಿ ದೊಡ್ಡದಿರಲಿ ಅದರ ರೋಧ ಒಂದೇ. ಗೆರೆ ಉದ್ದವಾದಂತೆ ಚೌಕಗಳು ಹೆಚ್ಚಿ ರೋಧ ಏರುತ್ತದೆ. ಅಗಲವಾದಂತೆ ಚೌಕಗಳು ಕಡಿಮೆಯಾಗಿ ರೋಧ ಇಳಿಯುತ್ತದೆ. ಕಿರಿದಾದ ಉದ್ದ ಕಾಲುವೆಯಲ್ಲಿ ನೀರು ನಿಧಾನವಾಗಿ, ಅಗಲವಾದ ಗಿಡ್ಡ ಕಾಲುವೆಯಲ್ಲಿ ಧಾರಾಳವಾಗಿ ಹರಿಯುವಂತೆಯೇ ಇದು.

ಈ ಲೆಕ್ಕ ತಿಳಿದರೆ ಮಸಿಯ ರೋಧ ದೋಷವಾಗಿ ಉಳಿಯದೆ ಗುಣವಾಗಿ ಒದಗುತ್ತದೆ. ಎಲ್‌ಇಡಿ ದೀಪವನ್ನು 9 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಅದು ಕ್ಷಣದಲ್ಲಿ ಕೆಡುತ್ತದೆ. ನಡುವೆ ಒಂದು ರೋಧಕ ಇರಲೇಬೇಕು. ಇಲ್ಲಿ ಮಸಿಯ ಗೆರೆಯೇ ತಂತಿಯೂ ಆಗುತ್ತದೆ, ರೋಧಕವೂ ಆಗುತ್ತದೆ.

ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 7 ವೋಲ್ಟನ್ನು ಗೆರೆ ತಡೆಯಬೇಕು. 5 ಮಿಲಿ ಆಂಪಿಯರ್ ವಿದ್ಯುತ್ ಹರಿಯಬೇಕೆಂದರೆ 1400 ಓಮ್ ರೋಧ ಬೇಕು. ಚೌಕಕ್ಕೆ 100 ಓಮ್ ಇರುವ ಮಸಿಯಲ್ಲಿ ಇದು 14 ಚೌಕ. ಎಂದರೆ 5 ಮಿಲಿ ಮೀಟರ್ ಅಗಲ, 70 ಮಿಲಿ ಮೀಟರ್ ಉದ್ದದ ಗೆರೆ. ಚೌಕಕ್ಕೆ 250 ಓಮ್ ಇರುವ ಮಸಿಯಾದರೆ ಅಷ್ಟೇ ಅಗಲಕ್ಕೆ 28 ಮಿಲಿ ಮೀಟರ್ ಉದ್ದ ಸಾಕು. ಚೌಕಕ್ಕೆ 500 ಓಮಿಗಿಂತ ಹೆಚ್ಚಾದರೆ ಎರಡನೆಯ ಸಲ ಬಳಿದು, ಮತ್ತೆ ಅಳೆಯತಕ್ಕದ್ದು.

ತೊಟ್ಟಿಯ ಎಚ್ಚರಿಕೆ ದೀಪ

ಮಂಡಲದಲ್ಲಿ ಎರಡು ಮಸಿ ಗೆರೆಗಳಿವೆ. ಮೊದಲನೆಯದು ಮೇಲೆ ಹೇಳಿದ 1400 ಓಮಿನ ದೀಪದ ಗೆರೆ. ಎರಡನೆಯದು ಟ್ರಾನ್ಸಿಸ್ಟರಿನ ರಕ್ಷಣೆಗಾಗಿ ಸುಮಾರು 10,000 ಓಮಿನ ಗೆರೆ. ಚೌಕಕ್ಕೆ 100 ಓಮ್ ಇರುವ ಮಸಿಯಲ್ಲಿ ಇದಕ್ಕೆ 100 ಚೌಕ ಬೇಕು. 2 ಮಿಲಿ ಮೀಟರ್ ಅಗಲದ ಗೆರೆಯನ್ನು 200 ಮಿಲಿ ಮೀಟರ್ ಉದ್ದಕ್ಕೆ ಹಾವಿನಂತೆ ಮಡಿಸಿ ಬರೆದರೆ ರಟ್ಟಿನಲ್ಲಿ ಹಿಡಿಸುತ್ತದೆ. ಯಾವ ಎರಡು ಗೆರೆಗಳ ನಡುವೆಯೂ 5 ಮಿಲಿ ಮೀಟರಿಗಿಂತ ಕಡಿಮೆ ಅಂತರ ಇರಬಾರದು. ಅಳೆದಾಗ ರೋಧ ಹೆಚ್ಚಾಗಿ ಕಂಡರೆ ಗೆರೆಯನ್ನು ಅಗಲ ಮಾಡಬಹುದು. ಕಡಿಮೆಯಾಗಿ ಕಂಡರೆ ಬ್ಲೇಡಿನಿಂದ ಅಂಚನ್ನು ಕೆರೆಯಬಹುದು.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನೋಡುಗನ ಕಡೆಗೆ, ಕಾಲುಗಳನ್ನು ಕೆಳಕ್ಕೆ ಹಿಡಿದಾಗ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಮೂರು ಕಾಲುಗಳಿರುತ್ತವೆ. ಜೋಡಣೆ ಹೀಗಿರಬೇಕು:

1. ಬ್ಯಾಟರಿಯ ಧನ ತುದಿಯಿಂದ ದೀಪದ ಗೆರೆ. ಗೆರೆಯ ಇನ್ನೊಂದು ತುದಿಗೆ ಎಲ್‌ಇಡಿಯ ಉದ್ದ ಕಾಲು. ಎಲ್‌ಇಡಿಯ ಗಿಡ್ಡ ಕಾಲು ಕಲೆಕ್ಟರಿಗೆ.
2. ಬ್ಯಾಟರಿಯ ಧನ ತುದಿಯಿಂದಲೇ ಒಂದು ಉದ್ದ ತಂತಿ ತೊಟ್ಟಿಯ ಮೊದಲ ಕಡ್ಡಿಗೆ.
3. ತೊಟ್ಟಿಯ ಎರಡನೆಯ ಕಡ್ಡಿಯಿಂದ ತಂತಿ ಹಾವಿನ ಗೆರೆಯ ಒಂದು ತುದಿಗೆ. ಗೆರೆಯ ಇನ್ನೊಂದು ತುದಿ ಬೇಸಿಗೆ.
4. ಎಮಿಟರಿನಿಂದ ತಾಮ್ರದ ತಂತಿ ಬ್ಯಾಟರಿಯ ಋಣ ತುದಿಗೆ.

ತೊಟ್ಟಿಯ ನೀರು ಎರಡು ಕಡ್ಡಿಗಳನ್ನು ಮುಟ್ಟಿದಾಗ ನೀರಿನ ಮೂಲಕ ಅತಿ ಸ್ವಲ್ಪ ವಿದ್ಯುತ್ ಬೇಸಿಗೆ ಹರಿಯುತ್ತದೆ. ಟ್ರಾನ್ಸಿಸ್ಟರ್ ತೂಬಿನ ಬಾಗಿಲಿನಂತೆ ತೆರೆದು, ದೀಪಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಬಿಡುತ್ತದೆ. ನೀರು ಮುಟ್ಟದಿರುವಾಗ ಬ್ಯಾಟರಿಯಿಂದ ವಿದ್ಯುತ್ ಹೆಚ್ಚುಕಡಿಮೆ ಖರ್ಚಾಗುವುದೇ ಇಲ್ಲವಾದ್ದರಿಂದ ಅದು ಬಹುಕಾಲ ಬಾಳುತ್ತದೆ. ಸದ್ದು ಬೇಕೆನಿಸಿದರೆ 9 ವೋಲ್ಟಿನ ಸಣ್ಣ ಬಜರ್ ಒಂದನ್ನು ಬ್ಯಾಟರಿಯ ಧನ ತುದಿಗೂ ಕಲೆಕ್ಟರಿಗೂ ನಡುವೆ ಜೋಡಿಸಬಹುದು. ಬಜರಿಗೆ ಹೆಚ್ಚು ವಿದ್ಯುತ್ ಬೇಕಾಗುವುದರಿಂದ ಅದರ ಜೋಡಣೆಗೆ ತಾಮ್ರದ ತಂತಿಯೇ ಆಗಬೇಕು, ಮಸಿ ಸಲ್ಲದು.

ಮಸಿಗೆ ಬೆಸುಗೆ ಹತ್ತುವುದಿಲ್ಲ. ಬಿಡಿಭಾಗಗಳ ಕಾಲುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಗೆರೆಯ ತುದಿಯ ಮೇಲಿಟ್ಟು, ಸ್ಟೇಪ್ಲರ್ ಪಿನ್ನಿನಿಂದ ಬಿಗಿದು, ಮೇಲೆ ಗಟ್ಟಿ ಮಸಿಯ ಬೊಟ್ಟು ಇಟ್ಟು ಒಣಗಿಸಬೇಕು. ಎಲ್ಲವೂ ಒಣಗಿದ ಮೇಲೆಯೇ ಬ್ಯಾಟರಿ ಜೋಡಿಸಬೇಕು.

ತೊಟ್ಟಿಯ ಕಡ್ಡಿಗಳು

ಅನೇಕರು ತೊಟ್ಟಿಗೆ ತಾಮ್ರದ ತಂತಿಯನ್ನೇ ಇಳಿಬಿಡುತ್ತಾರೆ. ನೀರಿನಲ್ಲಿ ಒಂದೇ ದಿಕ್ಕಿನ ವಿದ್ಯುತ್ ಹರಿದಾಗ ಧನ ತುದಿಯ ತಾಮ್ರ ಕ್ರಮೇಣ ಕರಗಿ, ಹಸಿರು ಕಿಲುಬು ಕಟ್ಟಿ, ಕೆಲವು ತಿಂಗಳುಗಳಲ್ಲಿ ಮಂಡಲ ಸುಮ್ಮನಾಗುತ್ತದೆ. ದೀಪ ಹೊತ್ತುವುದೆಂಬ ನಂಬಿಕೆಯಲ್ಲಿದ್ದಾಗ ಅದು ಹೊತ್ತದಿರುವುದು ದೀಪವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಗ್ರಾಫೈಟ್ ಕಡ್ಡಿ ಹೀಗೆ ಕಿಲುಬು ಹಿಡಿಯುವುದಿಲ್ಲ. ಎರಡು ಕಡ್ಡಿಗಳನ್ನು ಪ್ಲಾಸ್ಟಿಕ್ ಪಟ್ಟಿಯೊಂದಕ್ಕೆ 3 ಸೆಂಟಿ ಮೀಟರ್ ಅಂತರದಲ್ಲಿ ಬಿಗಿದು, ನೀರು ನಿಲ್ಲಬೇಕಾದ ಮಟ್ಟಕ್ಕೆ ಇಳಿಬಿಡಬೇಕು. ತಂತಿ ಸೇರುವ ಜಾಗ ನೀರಿನಿಂದ ಮೇಲೆ ಇರಬೇಕು. ಜನ ಅಥವಾ ದನಕರುಗಳು ಕುಡಿಯುವ ನೀರಿನ ತೊಟ್ಟಿಗೆ ಹಳೆಯ ಸೆಲ್ಲಿನಿಂದ ತೆಗೆದ ಕಡ್ಡಿಗಳನ್ನು ಎಂದಿಗೂ ಇಳಿಬಿಡಬಾರದು.

ಸಾಮಾನ್ಯ ದೋಷಗಳು ಮತ್ತು ಪರಿಹಾರ

• ದೀಪ ಹೊತ್ತುವುದೇ ಇಲ್ಲ: ಎಲ್‌ಇಡಿಯ ಕಾಲುಗಳು ತಿರುಗುಮುರುಗಾಗಿರಬಹುದು. ಸರಿಯಿದ್ದರೆ ಗೆರೆಗಳ ರೋಧವನ್ನು, ಬ್ಯಾಟರಿ ತೆಗೆದು, ಅಳೆಯಬೇಕು. ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಕಾಲು ಮತ್ತು ಗೆರೆ ಕೂಡುವ ಜಾಗದಲ್ಲಿ.
• ದೀಪ ಮಂಕಾಗಿದೆ: ದೀಪದ ಗೆರೆಯ ರೋಧ ಹೆಚ್ಚಿದೆ, ಇನ್ನೊಂದು ಸಲ ಬಳಿಯಬೇಕು.
• ತೊಟ್ಟಿ ಖಾಲಿಯಿದ್ದರೂ ದೀಪ ಹೊತ್ತಿದೆ: ಕಡ್ಡಿಗಳ ನಡುವಿನ ಪಟ್ಟಿಯ ಮೇಲೆ ಪಾಚಿ ಅಥವಾ ನೀರಿನ ಪಸೆ ನಿಂತಿದೆ. ತಿಂಗಳಿಗೊಮ್ಮೆ ಒರೆಸಬೇಕು.
• ಮಳೆಗಾಲದಲ್ಲಿ ಮಾತ್ರ ಕೆಡುತ್ತದೆ: ಗೋಂದು ಗಾಳಿಯ ತೇವವನ್ನು ಹೀರಿ ಉಬ್ಬಿದಾಗ ಗೆರೆಯ ರೋಧ ಬದಲಾಗುತ್ತದೆ. ಪೂರ್ತಿ ಒಣಗಿದ ಗೆರೆಯ ಮೇಲೆ ಉಗುರು ಬಣ್ಣ ಅಥವಾ ವಾರ್ನಿಷನ್ನು ತೆಳ್ಳಗೆ ಬಳಿದರೆ ತಡೆಯಬಹುದು. ಮಲೆನಾಡು ಹಾಗೂ ಕರಾವಳಿಯಲ್ಲಿ ಇದನ್ನು ಮರೆಯಬಾರದು.

ಕಡ್ಡಾಯವಾದ ಎಚ್ಚರಿಕೆಗಳು

1. ಈ ಮಸಿಯನ್ನು 230 ವೋಲ್ಟಿನ ಮನೆಯ ವಿದ್ಯುತ್ತಿಗಾಗಲಿ, 3 ಫೇಸಿನ ಪಂಪಿನ ಲೈನಿಗಾಗಲಿ ಯಾವ ಕಾರಣಕ್ಕೂ ತಾಗಿಸಬಾರದು. ಗೆರೆ ಕಾದು ರಟ್ಟು ಹೊತ್ತಿಕೊಳ್ಳುತ್ತದೆ. ಮುಟ್ಟಿದವರ ಪ್ರಾಣಕ್ಕೆ ಅಪಾಯ.
2. ಬ್ಯಾಟರಿಯ ಬದಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರ್ ಬಳಸಬಾರದು. ಅದರೊಳಗೆ ದೋಷವುಂಟಾದರೆ ಮನೆಯ ವಿದ್ಯುತ್ತು ತಂತಿಯ ಮೂಲಕ ತೊಟ್ಟಿಯ ನೀರಿಗೇ ಇಳಿಯಬಹುದು.
3. ಈ ಮಂಡಲ ಎಚ್ಚರಿಕೆ ಕೊಡುತ್ತದೆಯೇ ಹೊರತು ಪಂಪನ್ನು ನಿಲ್ಲಿಸುವುದಿಲ್ಲ. ಇದನ್ನು ಸ್ಟಾರ್ಟರಿಗೆ ಜೋಡಿಸುವ ಪ್ರಯತ್ನ ಕೂಡದು. ತಾನಾಗಿ ನಿಲ್ಲುವ ವ್ಯವಸ್ಥೆ ಬೇಕಾದವರು ಅದಕ್ಕೆಂದೇ ತಯಾರಾದ ಉಪಕರಣವನ್ನು ಅರ್ಹ ವಿದ್ಯುತ್ ಕೆಲಸಗಾರರಿಂದ ಹಾಕಿಸಿಕೊಳ್ಳಬೇಕು.
4. ತೊಟ್ಟಿಗೆ ಎಳೆಯುವ ತಂತಿ ವಿದ್ಯುತ್ ಕಂಬದ ತಂತಿಗಳ ಕೆಳಗೆ ಅಥವಾ ಹತ್ತಿರ ಹಾದುಹೋಗಬಾರದು. ಗುಡುಗು ಮಿಂಚಿನ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು.

ಉಪಯೋಗ

ಇದೇ ಮಂಡಲವನ್ನು ತಲೆಕೆಳಗೆ ಬಳಸಬಹುದು. ನೆಲಮಾಳಿಗೆಯ ದಾಸ್ತಾನು ಕೋಣೆಯಲ್ಲಿ ಕಡ್ಡಿಗಳನ್ನು ನೆಲಕ್ಕೆ ತಾಗಿದಂತೆ ಇಟ್ಟರೆ, ಮಳೆನೀರು ನುಗ್ಗಿದೊಡನೆ ದೀಪ ಹೊತ್ತಿ, ಕಾಳು ನೆನೆಯುವ ಮೊದಲೇ ಎಚ್ಚರಿಸುತ್ತದೆ. ಶಾಲೆಗಳಲ್ಲಿ ವಿದ್ಯುತ್ತಿನ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗುವುದು ಕಷ್ಟ. ಗೆರೆಯನ್ನು ಉದ್ದ ಮಾಡಿ, ಗಿಡ್ಡ ಮಾಡಿ, ಅಗಲ ಮಾಡಿ ದೀಪದ ಬೆಳಕು ಬದಲಾಗುವುದನ್ನು ಕಂಡ ವಿದ್ಯಾರ್ಥಿ ರೋಧವೆಂದರೇನೆಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲ ಸಲಕ್ಕೇ ತೊಟ್ಟಿಗೆ ಅಳವಡಿಸದೆ, ಒಂದು ಬಟ್ಟಲು ನೀರಿನಲ್ಲಿ ಕೆಲವು ದಿನ ಪರೀಕ್ಷಿಸಿ ನೋಡುವುದು ಲೇಸು. ಅಳವಡಿಸಿದ ಮೇಲೂ ವಾರಕ್ಕೊಮ್ಮೆ ಕಡ್ಡಿಗಳ ಕೆಳಗೆ ಒಂದು ಲೋಟ ನೀರು ಹಿಡಿದು ದೀಪ ಹೊತ್ತುವುದನ್ನು ಖಚಿತಪಡಿಸಿಕೊಳ್ಳಬೇಕು. ಇಷ್ಟು ಮಾಡಿದರೆ ಕಷ್ಟಪಟ್ಟು ಎತ್ತಿದ ನೀರು ಚರಂಡಿಯ ಪಾಲಾಗದೆ ಬೆಳೆಗೆ ಉಳಿಯುತ್ತದೆ.